ಹಳ್ಳದ ದಡ ಯಾರದು?

ನಮ್ಮ ಭೂಪಟಗಳಲ್ಲಿ ನದಿಗಳಿಗೆ ಹೆಸರುಂಟು. ಹಳ್ಳಗಳಿಗೆ ಬಹಳ ಮಟ್ಟಿಗೆ ಇಲ್ಲ. ಒಂದು ತೆಳ್ಳನೆಯ ಗೆರೆಯನ್ನು ಎಳೆದು, ಅದು ದೊಡ್ಡ ಹೊಳೆಗೆ ಸೇರುವಲ್ಲಿಗೆ ತಂದು ಬಿಟ್ಟರೆ ಭೂಪಟಕಾರನ ಕೆಲಸ ಮುಗಿಯಿತು. ಆದರೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ಕಡೆಯವರನ್ನು ನೀವು ಕೇಳಿ ನೋಡಿ. ಅವರ ನಿತ್ಯದ ಬಾಳುವೆ ನದಿಗಿಂತ ಹಳ್ಳಕ್ಕೇ ಹೆಚ್ಚು ಅಂಟಿಕೊಂಡಿದ್ದಿತು. ತುಂಗಭದ್ರೆ ದೂರದವಳು, ಹಳ್ಳ ಊರಿನ ಬಾಗಿಲಿನದು.

ಕೊಪ್ಪಳದಿಂದ ಉತ್ತರಕ್ಕೆ ಇರಕಲ್ಲಗಡದ ಕಡೆಗೆ ಹೋಗುವವರಿಗೆ ಆ ಸೀಮೆಯ ಗುಣ ಬೇಗನೆ ತಿಳಿಯುತ್ತದೆ. ಉರುಳಿಸಿಟ್ಟಂತಿರುವ ಬಂಡೆಗಳ ಗುಡ್ಡಗಳು, ಅವುಗಳ ನಡುವೆ ಸಜ್ಜೆ ಜೋಳದ ಹೊಲಗಳು, ಅಲ್ಲೊಂದು ಇಲ್ಲೊಂದು ಬೇವಿನ ಮರ. ಇರಕಲ್ಲಗಡ ಒಂದು ಹೋಬಳಿಯ ಊರು. ಹೆಸರಿನ ಕೊನೆಯ 'ಗಡ' ಸುಮ್ಮನೆ ಬಂದುದಲ್ಲ, ಗುಡ್ಡದ ಮೇಲೆ ಕೋಟೆಯುಂಟು. ಇಂಥ ಒಣನಾಡಿನಲ್ಲಿ ಕೋಟೆ ಕಟ್ಟುವವನು ಗೋಡೆಗಿಂತ ಮೊದಲು ನೀರಿನ ಚಿಂತೆ ಮಾಡಬೇಕು. ಬಂಡೆಯ ಸಂದಿನಲ್ಲಿ ನಿಂತ ಮಳೆಯ ನೀರೇ ಅವನ ಕಾವಲಿನವರ ಪ್ರಾಣ. ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದೂ ಹಂಚಿಕೊಂಡು ಬರುವ ಮಳೆಯಲ್ಲ. ಮುಂಗಾರು ಕೈಕೊಟ್ಟು, ಆಶ್ವೀಜದ ಸುಮಾರಿಗೆ ನಾಲ್ಕು ದಿನ ಭೋರ್ಗರೆದು ಹೋಗುವುದುಂಟು. ಆ ನಾಲ್ಕು ದಿನದ ನೀರನ್ನು ಹೊರುವುದೇ ಹಳ್ಳಗಳ ಕೆಲಸ. ಉಳಿದ ತಿಂಗಳುಗಳಲ್ಲಿ ಅವು ಮರಳಿನ ಹಾಸಿಗೆಗಳು.

ಹಾಗೆಂದು ಅವು ಬತ್ತಿದ್ದವೆಂದು ತಿಳಿಯಬೇಡಿ. ಮರಳಿನಲ್ಲಿ ಮೊಳಕಾಲುದ್ದ ತೋಡಿದರೆ ತಿಳಿನೀರು ಒಸರುತ್ತಿದ್ದಿತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿದ್ದ ಸಂಗತಿ. ಇದಕ್ಕೆ ವರತೆ ಎಂದು ಹೆಸರು. ಬೇಸಗೆಯ ಬೆಳಗಿನಲ್ಲಿ ಕೊಡ ಇಟ್ಟುಕೊಂಡು, ತಂಬಿಗೆಯಿಂದಲೋ ಚರಟದಿಂದಲೋ ನೀರು ಮೊಗೆದು ತುಂಬಿಸುವುದು. ದನಗಳಿಗೆ ಬೇರೆ ಗುಂಡಿ, ಬಟ್ಟೆಗೆ ಬೇರೆ ಗುಂಡಿ. ಯಾರೂ ಬರೆದಿಡದ ಕಟ್ಟಳೆ ಅದು. ಕಟ್ಟಳೆಯೆಂದ ಮೇಲೆ ಅದರಲ್ಲಿ ಜಾತಿಯ ಹೆಚ್ಚು ಕಡಿಮೆಯೂ ಇದ್ದಿತು. ಮೇಲುಗಡೆಯ ನೀರು ಯಾರಿಗೆ, ಕೆಳಗಡೆಯದು ಯಾರಿಗೆ ಎಂಬ ಮಾತನ್ನು ಮರೆಮಾಚಿ ಹಳೆಯ ಕಾಲವನ್ನು ಹೊಗಳುವುದು ನ್ಯಾಯವಲ್ಲ. ಆದರೂ ಹಳ್ಳದ ದಡ ಒಬ್ಬನ ಸ್ವತ್ತಲ್ಲ ಎಂಬುದರಲ್ಲಿ ಊರಿಗೆ ಅನುಮಾನವಿರಲಿಲ್ಲ.

ಈ ನಾಡಿನ ಹಿರಿಮೆ ನಿಮಗೆ ತಿಳಿಯದ್ದಲ್ಲ. 'ಕವಿರಾಜಮಾರ್ಗ' ಕನ್ನಡದ ತಿರುಳಿನ ಪ್ರದೇಶವನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸುತ್ತದೆ. ಜೈನರಿಗೆ ಅದು ಮಹಾತೀರ್ಥ. ಅದಕ್ಕೂ ಸಾವಿರ ವರ್ಷಕ್ಕೆ ಹಿಂದೆ ಅಶೋಕ ಚಕ್ರವರ್ತಿ ಇಲ್ಲಿನ ಎರಡು ಬಂಡೆಗಳ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಶಾಸನ ಹಾಕಿಸಿದ. ಒಂದು ಗವಿಮಠದ ಗುಡ್ಡದ ಮೇಲೆ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಅವು ವಿದ್ವಾಂಸರ ಕಣ್ಣಿಗೆ ಬಿದ್ದುದು 1931ರಲ್ಲಿ. ಆ ಶಾಸನದ ಅಭಿಪ್ರಾಯ ಸ್ವಾರಸ್ಯವಾದುದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ; ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲ, ಆದುದರಿಂದ ಸಣ್ಣವರೂ ದೊಡ್ಡವರೂ ಕೂಡಿ ದುಡಿಯಲಿ ಎಂಬುದು ಅದರ ಸಾರ. ಈ ಮಾತನ್ನು ನೀವು ಸ್ವಲ್ಪ ನೆನಪಿನಲ್ಲಿಡಬೇಕು. ಏಕೆಂದರೆ ಅದೇ ಗುಡ್ಡದ ಅಡಿಯಿಂದ, ಎರಡು ಸಾವಿರದ ಇನ್ನೂರು ವರ್ಷಗಳಾಚೆ, ಹಳ್ಳವೊಂದರ ಕೆಲಸಕ್ಕೆ ಜನ ಹೊರಟರು. ಆ ಹಳ್ಳದ ಹೆಸರು ಹಿರೇಹಳ್ಳ.

ಹಿರೇಹಳ್ಳ ಹೆಸರಿಗೆ ತಕ್ಕಂತೆ ಹಳ್ಳಗಳಲ್ಲಿ ಹಿರಿಯದು. ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಬಳಿ ಅದಕ್ಕೊಂದು ಅಣೆಕಟ್ಟು ಇದೆ. ಅಲ್ಲಿಂದ ಕೆಳಗಿಳಿದು, ದದೇಗಲ್ಲಿನ ಸೇತುವೆಯ ಅಡಿಯಲ್ಲಿ ಹಾಯ್ದು, ಅದು ತುಂಗಭದ್ರೆಯ ಕಡೆಗೆ ಸಾಗುತ್ತದೆ. ಈ ಹಳ್ಳದ ವಿಚಾರ ಹೇಳುವ ಮುನ್ನ, ಅದೇ ಜಿಲ್ಲೆಯ ಇನ್ನೊಂದು ಬಗೆಯ ನೀರಿನ ದಾರಿಯನ್ನು ಪಕ್ಕದಲ್ಲಿಟ್ಟು ನೋಡುವುದು ಲೇಸು.

ಗಂಗಾವತಿ, ಆನೆಗೊಂದಿಗಳ ಕಡೆಗೆ ವಿಜಯನಗರದ ಅರಸರ ಕಾಲದ ಕಾಲುವೆಗಳಿವೆ. ನದಿಗೆ ಅಡ್ಡಲಾಗಿ ಕಲ್ಲಿನ ಅಣೆ ಇಟ್ಟು, ಬಂಡೆಯ ನಡುವೆ ದಾರಿ ಮಾಡಿಕೊಟ್ಟ ಕಾಲುವೆಗಳು ಅವು. ಎಡದಂಡೆಯಲ್ಲಿ ಆನೆಗೊಂದಿಯ ಕಾಲುವೆ, ಗಂಗಾವತಿಯ ಮೇಲಿನ ಕಾಲುವೆ, ಕೆಳಗಿನ ಕಾಲುವೆ. ಬಲದಂಡೆಯಲ್ಲಿ ಹಂಪಿಯ ತುರ್ತಾ ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ. ಸಾಮ್ರಾಜ್ಯ 1565ರ ಯುದ್ಧದಲ್ಲಿ ಮುರಿಯಿತು, ಅರಮನೆಗಳು ಬಿದ್ದವು. ಆದರೆ ಈ ಕಾಲುವೆಗಳಲ್ಲಿ ನೀರು ನಿಲ್ಲಲಿಲ್ಲ. ಅದಕ್ಕೆ ಕಾರಣ ಕಲ್ಲುಕೆಲಸದ ಗಟ್ಟಿತನವೊಂದೇ ಅಲ್ಲ. ಗದ್ದೆಯಿದ್ದ ಕಡೆ ಕಂದಾಯ, ಕಂದಾಯವಿದ್ದ ಕಡೆ ಸರಕಾರದ ಕಣ್ಣು. ನೀರು ಬಿಡುವ ನೀರಗಂಟಿ, ಹೂಳೆತ್ತುವ ಸರದಿ, ಏರಿ ಒಡೆದರೆ ಓಡಿಬರುವ ರೈತರು, ಎಲ್ಲರೂ ಇದ್ದರು. ಅರಸು ಬದಲಾದರೂ ಕಾಲುವೆಗೆ ಒಡೆಯನಿದ್ದ.

ಹಳ್ಳಕ್ಕೆ ಇಂಥ ಒಡೆಯರಿಲ್ಲ. ಅದು ಕಂದಾಯ ತರುವ ವಸ್ತುವಲ್ಲ. ಕೊಪ್ಪಳ ಹೈದರಾಬಾದು ಸಂಸ್ಥಾನದಲ್ಲಿ ಸಾಲಾರ್ ಜಂಗರ ಜಹಗೀರಾಗಿದ್ದಾಗಲೂ ಜಹಗೀರಿನ ಲೆಕ್ಕಕ್ಕೆ ಬರುವುದು ಹೊಲ, ತೋಟ, ಗದ್ದೆ. ಹಳ್ಳವನ್ನು ಕಾಯ್ದುದು ಜನರ ಬಳಕೆ. ಬಳಕೆ ನಿಂತಿತು, ಕಾವಲೂ ನಿಂತಿತು. ಸಂಗತಿ ಇಷ್ಟೇ, ಆದರೆ ಅದು ನಡೆದ ರೀತಿ ನೋಡಬೇಕಾದ್ದು.

ತುಂಗಭದ್ರಾ ಜಲಾಶಯದ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತಿತು. ಮುನಿರಾಬಾದಿನಿಂದ ಹೊರಟ ಎಡದಂಡೆಯ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಇರಕಲ್ಲಗಡ, ಯಲಬುರ್ಗಾ, ಕುಷ್ಟಗಿಗಳ ಎತ್ತರದ ನೆಲಕ್ಕೆ ಅದು ಏರಲಾರದು. ಅಲ್ಲಿ ಜನ ಭೂಮಿಯ ಒಡಲಿಗೇ ಕೈಹಾಕಿದರು. ಮೊದಲು ಕೈಪಂಪು, ಆಮೇಲೆ ಕೊಳವೆಬಾವಿ, ಕೊನೆಗೆ ಮನೆಯ ಮುಂದೆ ನಲ್ಲಿ. ನಲ್ಲಿ ಬಂದುದನ್ನು ಯಾರೂ ಹಳಿಯಲಾರರು. ನೀರು ಹೊತ್ತು ಬೆನ್ನು ಬಾಗಿದವರಂತೂ ಹಳಿಯಲಿಕ್ಕಿಲ್ಲ. ಆದರೆ ನಲ್ಲಿ ಬಂದ ವರ್ಷದಿಂದ ಹಳ್ಳಕ್ಕೆ ಹೋಗುವ ಕಾಲುದಾರಿಯಲ್ಲಿ ಹುಲ್ಲು ಬೆಳೆಯಿತು. ಯಾರೂ ಹೋಗದ ಜಾಗಕ್ಕೆ ಕಸ ಹೋಯಿತು, ಪಟ್ಟಣದ ಕೊಳೆನೀರು ಹೋಯಿತು, ಮರಳಿನ ಬಂಡಿಗಳು ಹೋದವು. ಕೊಳವೆಬಾವಿ ಆಳವಾದಷ್ಟೂ ಮರಳಿನ ವರತೆ ಕೆಳಗಿಳಿಯಿತು. ದಡದ ಹೊಲದವನು ವರ್ಷಕ್ಕೆ ಒಂದು ಸಾಲು ಹೆಚ್ಚಾಗಿ ಉತ್ತ. ಒಬ್ಬ ಕಳ್ಳನನ್ನು ಹಿಡಿದು ತೋರಿಸುವಂತಿಲ್ಲ; ಇದು ಎಲ್ಲರೂ ಸೇರಿ ಮಾಡಿದ್ದು.

ಇದರ ಮೇಲೆ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಹುಟ್ಟೂರು ಅಮೆರಿಕ ಖಂಡ. ಹತ್ತೊಂಬತ್ತನೆಯ ಶತಮಾನದಲ್ಲಿ ಸೌದೆಗಾಗಿ, ಮರಳು ಹಾರದಂತೆ ತಡೆಯುವುದಕ್ಕಾಗಿ ಇದನ್ನು ನಮ್ಮ ದೇಶಕ್ಕೆ ತಂದರು. ಬಡವರ ಒಲೆಗೆ ಅದು ಆಸರೆಯಾದುದೂ ನಿಜವೇ. ಆದರೆ ಹಳ್ಳದ ಪಾತ್ರದಲ್ಲಿ ಅದು ಬೇರೂರಿದರೆ ಆಗುವುದನ್ನು ಕೇಳಿ. ಬಂದ ನೀರು ಪೊದೆಗೆ ತಡೆದು ನಿಧಾನವಾಗುತ್ತದೆ; ನಿಧಾನವಾದ ನೀರು ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ; ಆ ಮಣ್ಣಿನಲ್ಲಿ ಜೊಂಡು ಎದ್ದು ಇನ್ನಷ್ಟು ಮಣ್ಣು ಹಿಡಿಯುತ್ತದೆ. ಹತ್ತಿಪ್ಪತ್ತು ವರ್ಷದಲ್ಲಿ ಪಾತ್ರ ಏರಿ ದಡಕ್ಕೆ ಸಮವಾಯಿತೆಂದರೆ, ಮುಂದಿನ ದೊಡ್ಡ ಮಳೆಯ ನೀರು ಹೊಲಕ್ಕೆ ನುಗ್ಗುವುದೇ ಸರಿ. ಹಳ್ಳ ಹೊಲಕ್ಕೆ ಬಂದಿತೆಂದು ರೈತ ದೂರುತ್ತಾನೆ. ಹೊಲ ಎಂದೋ ಹಳ್ಳಕ್ಕೆ ಹೋಗಿರುವುದು ಅವನ ನೆನಪಿನಲ್ಲಿಲ್ಲ.

ಹಿರೇಹಳ್ಳ ಈ ಸ್ಥಿತಿಗೆ ಬಂದಿದ್ದಿತು. 2019ರ ಬೇಸಗೆಯಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಅದನ್ನು ಬಿಡಿಸುವ ಕೆಲಸಕ್ಕೆ ಇಳಿದರು. ಅಣೆಕಟ್ಟಿನಿಂದ ಕೆಳಗೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಮಣ್ಣು ಎತ್ತುವ ಯಂತ್ರಗಳು ಬಂದವು, ಟಿಪ್ಪರುಗಳು ಬಂದವು; ಯಂತ್ರ ಇದ್ದವರು ಯಂತ್ರ ಕೊಟ್ಟರು, ಹಣವಿದ್ದವರು ಹಣ ಕೊಟ್ಟರು, ಹಳ್ಳಿಗಳವರು ರೊಟ್ಟಿ ಕಟ್ಟಿಕೊಂಡು ಬಂದರು. ಶಾಲೆಯ ಮಕ್ಕಳು, ನೌಕರರು, ವ್ಯಾಪಾರಿಗಳು ದಿನಗೂಲಿಯವರ ಪಕ್ಕದಲ್ಲಿ ನಿಂತು ಬುಟ್ಟಿ ಹಿಡಿದರು. ಸ್ವಾಮಿಗಳು ಮಠದಲ್ಲಿ ಕುಳಿತು ಅಪ್ಪಣೆ ಕೊಡಲಿಲ್ಲ. ಹಳ್ಳದ ದಂಡೆಯಲ್ಲೇ ಇದ್ದು, ಕೊಳೆನೀರಿಗೆ ತಾವೂ ಇಳಿದರು. ಜಾಲಿ ಬುಡಸಹಿತ ಎದ್ದಿತು, ಜೊಂಡು ಹೋಯಿತು, ಹೂಳು ಎರಡೂ ಕಡೆಗೆ ಏರಿಯಾಗಿ ನಿಂತಿತು. ಆ ವರ್ಷದ ಮಳೆಗಾಲದ ಕೊನೆಗೆ ನೀರು ಬಂದಾಗ ಅದಕ್ಕೆ ಹರಿಯಲು ದಾರಿ ಇದ್ದಿತು.

ಅದೇ 2019ರಲ್ಲಿ ಕುಷ್ಟಗಿಯವರು ನಿಡಶೇಸಿ ಕೆರೆಯ ಹೂಳನ್ನು ವಂತಿಗೆ ಕೂಡಿಸಿ ಎತ್ತಿದರು. ಮುಂದೆ ಗಿಣಗೇರಿಯ ಕೆರೆಯನ್ನು ಗವಿಮಠವೇ ಕೈಗೆತ್ತಿಕೊಂಡಿತು. ಒಂದು ಊರಿನ ಕೆಲಸ ಇನ್ನೊಂದು ಊರಿಗೆ ಹಬ್ಬುವುದೆಂದರೆ ಹೀಗೆ.

ಸರಕಾರ ಮಾಡಬೇಕಾದ ಕೆಲಸವನ್ನು ಮಠ ಮಾಡಬೇಕಾಯಿತೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದುದೇ. ನನಗೆ ತೋರುವುದು ಹೀಗೆ. ಪ್ರತಿ ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಅವರಿಗೆಲ್ಲ ದಾಸೋಹ ನಡೆಯುತ್ತದೆ. ಹಳ್ಳಿ ಹಳ್ಳಿಯಿಂದ ರೊಟ್ಟಿ, ಕಾಳುಕಡಿ ಬಂಡಿಗಳಲ್ಲಿ ಬರುತ್ತವೆ. ಯಾರು ಎಷ್ಟು ಕೊಡಬಲ್ಲರು, ಯಾವ ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬ ಲೆಕ್ಕ ಇಂಥ ಸಂಸ್ಥೆಗೆ ಬಾಯಿಪಾಠ. ಸಾವಿರ ಮಂದಿಗೆ ಅನ್ನ ಬಡಿಸುವ ಏರ್ಪಾಡು ಗೊತ್ತಿದ್ದವರಿಗೆ ಸಾವಿರ ಮಂದಿಗೆ ಗುದ್ದಲಿ ಹಂಚುವುದು ಹೊಸದಲ್ಲ. ಇನ್ನೂ ಒಂದುಂಟು. ದಡದ ಸಾಲು ಉತ್ತವನ ಮುಂದೆ ಅಧಿಕಾರಿ ನಿಂತರೆ ಅವನು ವಕೀಲನನ್ನು ನೆನೆಯುತ್ತಾನೆ; ಗುರುಗಳು ನಿಂತರೆ ತನ್ನ ಅಜ್ಜನನ್ನು ನೆನೆಯುತ್ತಾನೆ. ಆದರೆ ಇದೇ ಬಲ ಒಂದು ಕೊರತೆಯೂ ಹೌದು. ಒಬ್ಬರ ವರ್ಚಸ್ಸಿನಿಂದ ಎದ್ದ ಕೆಲಸ ಆ ಒಬ್ಬರು ಬೇರೆಡೆಗೆ ತಿರುಗಿದಾಗ ಕುಳಿತುಬಿಡಬಾರದಷ್ಟೆ. ಹೂಳೆತ್ತುವುದು ಒಂದು ಬೇಸಗೆಯ ಕೆಲಸ. ಜಾಲಿಯ ಬೀಜ ಮಾತ್ರ ಪ್ರತಿ ಮಳೆಗಾಲದಲ್ಲಿಯೂ ಮೊಳೆಯುತ್ತದೆ.

ಆದುದರಿಂದ ಮಾತು ಪಾತ್ರದಿಂದ ದಡಕ್ಕೆ ಬರಬೇಕು. ದಡ ಯಾರದು? ಕಾನೂನಿನ ಉತ್ತರ ನೇರವಾಗಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದಂತೆ ನದಿ, ಹಳ್ಳ, ನಾಲೆ, ಕೆರೆಗಳು, ಬೇರೆಯವರ ಸ್ವತ್ತೆಂದು ಸಿದ್ಧವಾಗದ ಹೊರತು, ರಾಜ್ಯದವು. ಪಹಣಿಯಲ್ಲಿ ಹಳ್ಳದ ನೆಲ 'ಬ' ಖರಾಬು ಎಂದು ಬೀಳುತ್ತದೆ. ಸಾರ್ವಜನಿಕರಿಗೆ ಮೀಸಲು, ಸಾಗುವಳಿಗೆ ಕೊಡತಕ್ಕದ್ದಲ್ಲ ಎಂದು ಅದರ ಅರ್ಥ. ಕೆಟ್ಟದ್ದು ಎಂಬ ಅರ್ಥದ ಪದವನ್ನು ಎಲ್ಲರ ನೆಲಕ್ಕೆ ಹೆಸರಾಗಿ ಇಟ್ಟದ್ದು ಕಂದಾಯ ಇಲಾಖೆಯ ಹಳೆಯ ದೃಷ್ಟಿಯನ್ನು ತೋರಿಸುತ್ತದೆ. ಕೆರೆಗಳಿಗಾಗಿ 2014ರಲ್ಲಿ ಬೇರೆ ಕಾನೂನೇ ಬಂದಿತು. ಹಳ್ಳಗಳಿಗೆ ಅಂಥ ಕಾವಲಿಲ್ಲ. ಇನ್ನು ದಡದಿಂದ ಎಷ್ಟು ದೂರ ಬಿಡಬೇಕೆಂಬುದು ಬೆಂಗಳೂರಿನಲ್ಲೇ ತೀರದ ಜಗಳ. ರಾಜಕಾಲುವೆಗಳಿಗೆ 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ ಹೆಚ್ಚಿನ ಅಂತರವನ್ನು 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೆಗೆದುಹಾಕಿತು. ಒಂದು ಕಡೆ ನ್ಯಾಯಾಲಯ ಮೀಟರುಗಳನ್ನು ಅಳೆಯುತ್ತಿದ್ದ ಆ ದಿನಗಳಲ್ಲಿ ಇನ್ನೊಂದು ಕಡೆ ಹಿರೇಹಳ್ಳದಲ್ಲಿ ಬುಟ್ಟಿಗಳು ಕೈಬದಲಾಗುತ್ತಿದ್ದವು.

ಕಾನೂನು ಕೊಟ್ಟ ನೆಲವನ್ನು ಜನ ಉಳಿಸಿಕೊಳ್ಳುವ ಬಗೆ ಹೇಗೆ? ಇಲ್ಲಿ ಒಂದು ಪರದೇಶದ ಕಥೆ ಹೇಳಬೇಕು. ಅಮೆರಿಕದ ವಾಷಿಂಗ್ಟನ್ ನಗರದಿಂದ ಕಂಬರ್ಲೆಂಡ್ ಎಂಬ ಊರಿನವರೆಗೆ ಪೊಟೋಮ್ಯಾಕ್ ನದಿಯ ಪಕ್ಕದಲ್ಲಿ ಹಳೆಯ ಕಾಲುವೆಯೊಂದಿದೆ. ಚೆಸಪೀಕ್–ಓಹಿಯೋ ಕಾಲುವೆಯೆಂದು ಹೆಸರು. 1828ರಲ್ಲಿ ಮೊದಲಾದ ಕೆಲಸ 1850ರಲ್ಲಿ ಮುಗಿಯಿತು. ಕಲ್ಲಿದ್ದಲಿನ ದೋಣಿಗಳನ್ನು ಹೇಸರಗತ್ತೆಗಳು ದಂಡೆಯ ಮೇಲಿನ ದಾರಿಯಲ್ಲಿ ನಡೆದು ಎಳೆಯುತ್ತಿದ್ದವು. ರೈಲು ಅದನ್ನು ಸೋಲಿಸಿತು. 1924ರ ಪ್ರವಾಹದ ಮೇಲೆ ದೋಣಿಗಳು ನಿಂತೇಹೋದವು. 1938ರಲ್ಲಿ ಸರಕಾರ ಅದನ್ನು ಕೊಂಡಿತು. ಆಮೇಲೆ ಅದರ ಮೇಲೆ ಮೋಟಾರು ರಸ್ತೆ ಹಾಕುವ ಯೋಜನೆ ಹುಟ್ಟಿತು. 1954ರ ಜನವರಿಯಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ರಸ್ತೆಯನ್ನು ಸಮರ್ಥಿಸಿ ಸಂಪಾದಕೀಯ ಬರೆಯಿತು. ಆಗ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ವಿಲಿಯಂ ಡಗ್ಲಸ್ ಎಂಬವರು ಸಂಪಾದಕರಿಗೆ ಪತ್ರ ಬರೆದು, ವಾದ ಬೇಡ, ನನ್ನೊಡನೆ ಆ ದಂಡೆಯ ಮೇಲೆ ನಡೆದು ಬನ್ನಿ ಎಂದು ಕರೆದರು. ಸಂಪಾದಕರು ಒಪ್ಪಿದರು. ಅವರ ಮರ್ಯಾದೆಯನ್ನೂ ಮೆಚ್ಚಬೇಕು. ಮಾರ್ಚ್ 20ರಂದು ಕಂಬರ್ಲೆಂಡಿನಿಂದ ಹೊರಟು ಎಂಟು ದಿನ ನಡೆದರು. ದಾರಿಯುದ್ದ 184 ಮೈಲಿಗೂ ಹೆಚ್ಚು. ಅಲ್ಲಲ್ಲಿ ಕೂಡಿಕೊಂಡವರು 58 ಮಂದಿ. ಪೂರಾ ನಡೆದವರು ಒಂಬತ್ತೇ ಜನ, ಡಗ್ಲಸ್ ಅವರಲ್ಲೊಬ್ಬರು. ಪತ್ರಿಕೆ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡಿತು. ಆದರೂ ಆ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾದುದು 1971ರಲ್ಲಿ. ನಡಿಗೆಗೂ ಕಾನೂನಿಗೂ ನಡುವೆ ಹದಿನೇಳು ವರ್ಷ! ಅಷ್ಟು ಕಾಲ ವಿಷಯವನ್ನು ಆರದಂತೆ ಕಾದದ್ದು, ಆ ನಡಿಗೆಯಿಂದ ಹುಟ್ಟಿದ ಲಾಭದಾಸೆಯಿಲ್ಲದ ಒಂದು ಸಂಘ.

ಎಲ್ಲ ಮಾದರಿಗಳೂ ನಮಗೆ ಹೊಂದುವುವಲ್ಲ. ಕೊರಿಯಾ ದೇಶದ ಸೋಲ್ ನಗರದಲ್ಲಿ ಮೇಲುರಸ್ತೆಯನ್ನು ಕೆಡವಿ 2005ರಲ್ಲಿ ಚೊಂಗೆಚೊನ್ ಎಂಬ ಹಳ್ಳವನ್ನು ಬಿಡಿಸಿದರು. ನೋಡಲು ಬಲು ಅಂದ. ಆದರೆ ಅಲ್ಲಿ ಹರಿಯುವ ನೀರಿನ ಬಹುಭಾಗ ಪಂಪಿನಿಂದ ಬಂದುದು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆ ಕಡೆಯಿಂದ ಬೆಳ್ಳಂದೂರಿನತ್ತ ಇಳಿಯುವ ರಾಜಕಾಲುವೆಯನ್ನು ಜನ ನಡೆದಾಡುವ ಜಲಮಾರ್ಗವಾಗಿಸುವ ಕೆಲಸ ಈಚೆಗೆ ನಡೆದಿದೆ. ಕೊಳೆನೀರನ್ನು ಬೇರೆ ಕೊಳವೆಗೆ ತಿರುಗಿಸುವುದೇ ಅಲ್ಲಿನ ಮೊದಲ ಕಷ್ಟ. ಆ ಕಷ್ಟ ಹಿರೇಹಳ್ಳಕ್ಕೂ ತಪ್ಪಿದ್ದಲ್ಲ. ಊರಿನ ಚರಂಡಿ ಸೇರುವ ತನಕ ದಡದಲ್ಲಿ ಎಷ್ಟು ಹೂ ನೆಟ್ಟರೂ ಮೂಗು ಮುಚ್ಚಿಕೊಂಡೇ ನಡೆಯಬೇಕು.

ಹಾಗಾದರೆ ಕೊಪ್ಪಳದ ಸೀಮೆಯಲ್ಲಿ ಹಸಿರು ದಡವೆಂದರೇನು? ಸಿಮೆಂಟಿನ ಗೋಡೆ, ಬಣ್ಣದ ದೀಪ, ಕಬ್ಬಿಣದ ಬೇಲಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಗೋಡೆ ಕಟ್ಟಿದ ಹಳ್ಳ ಚರಂಡಿಯಾಗುತ್ತದೆ. ನೀರು ಪಕ್ಕದ ನೆಲಕ್ಕೆ ಇಂಗಲಾರದು, ಪಕ್ಕದ ಬಾವಿಗೆ ಸೇರಲಾರದು. ಹೂಳಿನ ಏರಿಯನ್ನು ಇಳಿಜಾರಾಗಿ ಬಿಟ್ಟು, ಕೆಳಗೆ ಹುಲ್ಲು ಹಿಡಿಸಿ, ಮೇಲೆ ಹೊಂಗೆ, ನೇರಳೆ, ಅತ್ತಿ, ಮತ್ತಿಗಳನ್ನು ನೆಟ್ಟರೆ ಬೇರುಗಳು ಮಣ್ಣನ್ನು ಹಿಡಿಯುತ್ತವೆ, ನೆರಳು ಜಾಲಿಯ ಸಸಿಯನ್ನು ಸೊರಗಿಸುತ್ತದೆ. ದನ ನೀರಿಗೆ ಇಳಿಯುವ ಕಡವನ್ನು ಮುಚ್ಚಬಾರದು. ನಡೆಯುವ ದಾರಿಯೊಂದು ಇರಲಿ. ಜನ ನಡೆಯುವ ದಡವನ್ನು ಒತ್ತುವುದು ಸುಲಭವಲ್ಲ. ಇದರ ಲಾಭ ಹಳ್ಳದ ಊರುಗಳಿಗೆ ಮಾತ್ರವೂ ಅಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದಿತು, 2016ರ ಅಳತೆಯ ಹೊತ್ತಿಗೆ ಅದು 106ರ ಆಸುಪಾಸಿಗೆ ಇಳಿದಿದ್ದಿತು. ನಡುವಿನ ಜಾಗವನ್ನು ತುಂಬಿದ್ದು ಹೂಳು. ನದಿಯೂ ನೂರಾರು ಹಳ್ಳಗಳೂ ಕೂಡಿ ತಂದ ಮಣ್ಣು ಅದು. ಗಂಗಾವತಿಯ ಗದ್ದೆಯವನಿಗೂ ಇರಕಲ್ಲಗಡದ ಒಣಹೊಲದವನಿಗೂ ಇಲ್ಲಿ ಒಂದೇ ಲೆಕ್ಕ.

ಆ ಅಮೆರಿಕದ ಸಂಘದ ಒಂದು ಪದ್ಧತಿಯನ್ನು ಹೇಳುವುದು ಉಳಿದಿದೆ. ಅವರು ಕಾಲುವೆಯ ದಂಡೆಯನ್ನು ತುಂಡು ತುಂಡಾಗಿ ಗುರುತಿಸಿ, ಒಂದೊಂದು ತುಂಡನ್ನು ಒಬ್ಬೊಬ್ಬ ಸದಸ್ಯರಿಗೆ ಒಪ್ಪಿಸಿದ್ದಾರೆ. ಆತ ಅಥವಾ ಆಕೆ ಆಗಾಗ ತಮ್ಮ ತುಂಡನ್ನು ನಡೆದು, ಎಲ್ಲಿ ಮರ ಬಿದ್ದಿದೆ, ಎಲ್ಲಿ ದಂಡೆ ಕೊರೆದಿದೆ, ಎಲ್ಲಿ ಕಸ ಸುರಿದಿದ್ದಾರೆ ಎಂದು ಬರೆದು ಕಳಿಸಬೇಕು. ಯಂತ್ರ ಬೇಡ, ಸಂಬಳ ಬೇಡ. ಕಾಲು ಬೇಕು, ಒಂದು ಪೆನ್ಸಿಲು ಬೇಕು. ಹಿರೇಹಳ್ಳದ ಪಾತ್ರವನ್ನು ಊರಿನ ಗಡಿಗಳು ಮೊದಲೇ ತುಂಡು ಮಾಡಿಕೊಟ್ಟಿವೆ. ಗ್ರಾಮದ ನಕ್ಷೆಯಲ್ಲಿ ಹಳ್ಳದ ಎರಡು ಗೆರೆಗಳೂ ಅವುಗಳ ನಡುವಿನ ಅಗಲವೂ ಕಾಣುತ್ತವೆ. ಭೂಮಾಪನ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ಆ ನಕ್ಷೆಯ ಪ್ರತಿ ಯಾರಿಗೂ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ದೀಪಾವಳಿ ಕಳೆದ ಮೇಲೆ, ನೀರು ಇಳಿದು ದಡ ಒಣಗಿದ ಒಂದು ಬೆಳಿಗ್ಗೆ, ನಿಮ್ಮ ಊರಿನ ಹಳ್ಳದ ಪಕ್ಕದಲ್ಲಿ ಒಂದು ಗಡಿಕಲ್ಲಿನಿಂದ ಇನ್ನೊಂದು ಗಡಿಕಲ್ಲಿಗೆ ನಡೆದು ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಲ್ಲುಗಳನ್ನು ಹುಡುಕುವುದರಲ್ಲಿ ಅವರ ಕಣ್ಣು ಚುರುಕು.